ಬಿ. ಜಯಶ್ರೀ: ಒಂದು ದನಿ, ಹಲವು ಮುಖ



1980ರ ದಶಕದ ಯಾವುದಾದರೂ ಕನ್ನಡ ಚಿತ್ರ ಮನೆಯ ಟಿ.ವಿ.ಯಲ್ಲಿ ಬರುತ್ತಿರುವಾಗ ಒಂದು ಸಣ್ಣ ಕೆಲಸ ಮಾಡಿ ನೋಡಿ. ಐದು ನಿಮಿಷ ಕಣ್ಣು ಮುಚ್ಚಿಕೊಂಡು ನಾಯಕಿಯ ಮಾತನ್ನಷ್ಟೇ ಕೇಳಿ. ತೆರೆಯ ಮೇಲಿರುವವರು ಮಾಧವಿ ಇರಬಹುದು, ಜಯಪ್ರದಾ ಇರಬಹುದು, ಅಂಬಿಕಾ ಇರಬಹುದು. ಮೊದಲ ಇಬ್ಬರು ಆಂಧ್ರದ ಕಡೆಯಿಂದ ಬಂದವರು, ಮೂರನೆಯವರು ಕೇರಳದವರು. ಆದರೆ ನಿಮ್ಮ ಕಿವಿಗೆ ಬೀಳುವ ಕನ್ನಡದಲ್ಲಿ ತೆಲುಗಿನ ಎಳೆತವಾಗಲಿ ಮಲಯಾಳದ ರಾಗವಾಗಲಿ ಇರುವುದಿಲ್ಲ. ‘ಳ’ಕಾರ ‘ಳ’ಕಾರವಾಗಿಯೇ ಇರುತ್ತದೆ, ‘ಹ’ಕಾರ ಎಲ್ಲೂ ಜಾರುವುದಿಲ್ಲ. ಹಾಗಾದರೆ ಆ ಮಾತು ಯಾರದು?

ಹಲವು ಚಿತ್ರಗಳಲ್ಲಿ ಆ ಮಾತು ಬಿ. ಜಯಶ್ರೀ ಅವರದು. ಮಾಧವಿ, ಜಯಪ್ರದಾ, ಅಂಬಿಕಾ, ಸುಮಲತಾ, ಗಾಯತ್ರಿ ಮುಂತಾದ ನಟಿಯರಿಗೆ ಅವರು ಕಂಠದಾನ ಮಾಡಿದ್ದಾರೆ. ಜಯಶ್ರೀ ಅವರನ್ನು ನಾವು ರಂಗಭೂಮಿಯ ನಟಿ, ನಿರ್ದೇಶಕಿ, ಗಾಯಕಿ, ಚಲನಚಿತ್ರ ನಟಿ ಎಂದೆಲ್ಲ ಕರೆಯುತ್ತೇವೆ. ಆದರೆ ಇವೆಲ್ಲಕ್ಕೂ ಆಧಾರವಾಗಿರುವುದು ಒಂದೇ ಬಂಡವಾಳ, ಅವರ ದನಿ. ಆ ದನಿ ಎಲ್ಲಿ ಹುಟ್ಟಿತು, ಎಲ್ಲಿ ಪಳಗಿತು, ಅದರಿಂದ ಒಬ್ಬ ಕಲಾವಿದೆ ಹೇಗೆ ಬದುಕು ಕಟ್ಟಿಕೊಂಡರು ಎಂಬುದನ್ನು ನೋಡಿದರೆ ಕನ್ನಡ ರಂಗಭೂಮಿಯ ನೂರು ವರ್ಷದ ಕಥೆಯ ಒಂದು ದೊಡ್ಡ ಭಾಗವೇ ನಮಗೆ ತಿಳಿಯುತ್ತದೆ.

ಜಯಶ್ರೀ ಹುಟ್ಟಿದ್ದು 1950ರ ಜೂನ್ 9ರಂದು, ಬೆಂಗಳೂರಿನಲ್ಲಿ. ತಂದೆ ಬಸವರಾಜ್, ತಾಯಿ ಜಿ. ವಿ. ಮಾಲತಮ್ಮ. ತಾಯಿಯ ಹೆಸರಿನ ಹಿಂದಿರುವ ಎರಡು ಅಕ್ಷರಗಳನ್ನು ಗಮನಿಸಿ. ಅವು ಗುಬ್ಬಿ ವೀರಣ್ಣ ಎಂಬ ಹೆಸರನ್ನು ಸೂಚಿಸುತ್ತವೆ. ಜಯಶ್ರೀ ವೀರಣ್ಣನವರ ಮೊಮ್ಮಗಳು.

ಗುಬ್ಬಿ ವೀರಣ್ಣನವರ ಹೆಸರನ್ನು ನೀವು ಕೇಳಿರುತ್ತೀರಿ. ಮಲ್ಲೇಶ್ವರದಿಂದ ಬಸ್ಸು ಹಿಡಿದು ಮೆಜೆಸ್ಟಿಕ್ಕಿಗೆ ಬಂದರೆ, ಅಲ್ಲೇ ಗಾಂಧಿನಗರದಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಆದರೆ ಅವರ ಕಂಪನಿ ಎಂದರೆ ಏನಾಗಿತ್ತು ಎಂಬುದು ಇಂದಿನವರಿಗೆ ಊಹಿಸುವುದೂ ಕಷ್ಟ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ವೀರಣ್ಣ ಚಿಕ್ಕ ಹುಡುಗನಾಗಿ ಸೇರಿದರು. 1917ರಲ್ಲಿ ಅದರ ಒಡೆತನ ಅವರಿಗೆ ಬಂತು. ಅಲ್ಲಿಂದ ಮುಂದೆ ಅದು ಊರೂರು ತಿರುಗುವ ಒಂದು ಚಿಕ್ಕ ಊರೇ ಆಯಿತು. ನಟರು, ಅವರ ಸಂಸಾರ, ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಪರದೆ ಬರೆಯುವವರು, ಬಡಗಿಗಳು, ದರ್ಜಿಗಳು, ಅಡುಗೆಯವರು, ಎಲ್ಲರೂ ಒಟ್ಟಿಗೆ ಹೊರಡಬೇಕು. ಒಂದು ಊರಿನಲ್ಲಿ ಕ್ಯಾಂಪು ಹಾಕಿದರೆ ಜನ ಬರುವವರೆಗೆ ನಾಟಕ, ಜನ ಕಡಿಮೆಯಾದರೆ ಗಂಟು ಮೂಟೆ ಕಟ್ಟಿ ಮುಂದಿನ ಊರು. 1934ರಲ್ಲಿ ಆಡಿದ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದದ್ದು ಇಂದಿಗೂ ದಂತಕಥೆ.

ಇದೇ ಕಂಪನಿಯಿಂದ ಬಂದವರು ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್. ರಾಜಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅಲ್ಲಿ ರಾವಣ, ಹಿರಣ್ಯಕಶಿಪುವಿನಂಥ ಪಾತ್ರಗಳಿಗೆ ಹೆಸರಾದವರು. 1954ರ ‘ಬೇಡರ ಕಣ್ಣಪ್ಪ’ ಚಿತ್ರ ವೀರಣ್ಣನವರ ನಿರ್ಮಾಣ ಸಂಸ್ಥೆಯಿಂದಲೇ ಬಂತು. ಕನ್ನಡ ಚಿತ್ರರಂಗ ತನ್ನ ಕಾಲ ಮೇಲೆ ನಿಂತದ್ದು ಕಂಪನಿ ನಾಟಕದ ಹೆಗಲ ಮೇಲೆ ಎಂದರೆ ತಪ್ಪಾಗದು.

ಈಗ ದನಿಯ ವಿಚಾರಕ್ಕೆ ಬರೋಣ. ಧ್ವನಿವರ್ಧಕ ಬರುವುದಕ್ಕೆ ಮುಂಚಿನ ಕಂಪನಿ ನಾಟಕವನ್ನು ಕಲ್ಪಿಸಿಕೊಳ್ಳಿ. ತಗಡಿನ ಷೆಡ್ಡು, ಒಳಗೆ ಸಾವಿರಾರು ಜನ. ಮುಂದೆ ಕುರ್ಚಿ, ಹಿಂದೆ ಬೆಂಚು, ಅದರ ಹಿಂದೆ ನೆಲ. ಮಗು ಅಳುತ್ತದೆ, ಕಡಲೆಕಾಯಿ ಮಾರುವವನು ಕೂಗುತ್ತಾನೆ. ನೆಲದಲ್ಲಿ ಕುಳಿತವನೂ ಕಾಸು ಕೊಟ್ಟು ಬಂದವನೇ, ಅವನಿಗೆ ಮಾತು ಕೇಳಿಸದಿದ್ದರೆ ನಾಟಕವೇ ನಡೆಯದು. ಇಂಥ ಕಡೆ ನಟ ಕಿರುಚಿಕೊಂಡರೆ ಸಾಕೆಂದು ನೀವು ಅಂದುಕೊಳ್ಳಬಹುದು. ಹಾಗಲ್ಲ. ಕಿರುಚಿದರೆ ಗಂಟಲು ಬಿಗಿಯುತ್ತದೆ, ಎರಡನೆಯ ಅಂಕದ ಹೊತ್ತಿಗೆ ದನಿ ಒಡೆಯುತ್ತದೆ, ಮರುದಿನ ನಾಟಕವಿಲ್ಲ. ಉಸಿರನ್ನು ಹೊಟ್ಟೆಯಿಂದ ತೆಗೆದು ನಿಧಾನವಾಗಿ ಬಿಡುತ್ತಾ ಮಾತನ್ನು ಅದರ ಮೇಲೆ ತೇಲಿಬಿಡಬೇಕು. ಇನ್ನೊಂದು ಗುಟ್ಟಿದೆ. ಸ್ವರಾಕ್ಷರಗಳಿಗೆ ಬಲ ಹೆಚ್ಚು, ಅವು ದೂರ ಹೋಗುತ್ತವೆ. ವ್ಯಂಜನಗಳು ದುರ್ಬಲ, ದೂರ ಹೋದಂತೆ ಮೊದಲು ಕಳೆದುಹೋಗುವುದು ಅವೇ. ‘ತಂದೆ’ ಎಂದದ್ದು ‘ಅಂದೆ’ ಎಂದು ಕೇಳಿಸಿದರೆ ಕಥೆ ಕೆಟ್ಟಂತೆ. ಆದ್ದರಿಂದ ಕಂಪನಿಯ ನಟನಿಗೆ ಮೊದಲು ಕಲಿಸುತ್ತಿದ್ದದ್ದು ಗಟ್ಟಿಯಾಗಿ ಹೇಳುವುದನ್ನಲ್ಲ, ಅಕ್ಷರ ಬಿಡಿಸಿ ಹೇಳುವುದನ್ನು.

ಇದರ ಜೊತೆಗೆ ಹಾಡು. ರಾಜ ಪ್ರವೇಶಿಸಿದರೆ ಹಾಡು, ನಾಯಕಿ ದುಃಖಿಸಿದರೆ ಹಾಡು, ಕಳ್ಳ ಬಂದರೂ ಹಾಡು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೊಟ್ಟ ಕೂಡಲೆ ಮಾತಿನಿಂದ ಹಾಡಿಗೆ, ಹಾಡಿನಿಂದ ಮಾತಿಗೆ ಜಿಗಿಯಬೇಕು. ಸಭಿಕರು ‘ಒನ್ಸ್ ಮೋರ್’ ಎಂದರೆ ಸತ್ತುಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡುತ್ತಿತ್ತು ಎಂದು ಹಿರಿಯರು ನಗುತ್ತಾ ಹೇಳುವುದುಂಟು. ನಗುವಂಥದ್ದೇ. ಆದರೆ ಭಾವದಿಂದ ಭಾವಕ್ಕೆ ಅಷ್ಟು ಬೇಗ ಹೊರಳುವ ಶಕ್ತಿ ಎಲ್ಲರಿಗೂ ಬರುವಂಥದ್ದಲ್ಲ ಎಂಬುದನ್ನೂ ಒಪ್ಪಬೇಕು.

ಜಯಶ್ರೀ ಬಾಲ್ಯದಲ್ಲೇ ಕಂಪನಿಯ ರಂಗದ ಮೇಲೆ ಬಂದವರು. ಬೇರೆ ಮಕ್ಕಳು ಮಗ್ಗಿ ಬಾಯಿಪಾಠ ಮಾಡುವ ವಯಸ್ಸಿನಲ್ಲಿ ರಂಗಗೀತೆ ಅವರ ಕಿವಿಗೆ ಬಿದ್ದಿತ್ತು. ಇದನ್ನು ಶಿಕ್ಷಣ ಎಂದು ಯಾರೂ ಕರೆಯಲಿಲ್ಲ. ಮನೆಯ ವಾತಾವರಣ ಎನ್ನುತ್ತಿದ್ದರು, ಅಷ್ಟೆ.

ಇಲ್ಲಿ ಒಂದು ಮಾತನ್ನು ಬಿಡುವ ಹಾಗಿಲ್ಲ. ಹೆಣ್ಣುಮಗಳೊಬ್ಬಳು ರಂಗದ ಮೇಲೆ ನಿಲ್ಲುವುದು ಆ ಕಾಲದಲ್ಲಿ ಸುಲಭದ ಸಂಗತಿಯಾಗಿರಲಿಲ್ಲ. ಕಂಪನಿ ನಾಟಕಗಳಲ್ಲಿ ಬಹುಕಾಲ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಮೀಸೆ ಮೂಡದ ಹುಡುಗರಿಗೆ ಸೀರೆ ಉಡಿಸಿ, ಜಡೆ ಕಟ್ಟಿ ನಿಲ್ಲಿಸುತ್ತಿದ್ದರು. ಮೊದಮೊದಲು ರಂಗಕ್ಕೆ ಬಂದ ಹೆಂಗಸರನ್ನು ಸಮಾಜ ನೋಡಿದ ಬಗೆಯನ್ನು ವಿವರಿಸಬೇಕಾಗಿಲ್ಲ. ನಾಟಕಕ್ಕೆ ಚಪ್ಪಾಳೆ ತಟ್ಟಿದವರೇ ಆಕೆಗೆ ಮನೆ ಬಾಡಿಗೆಗೆ ಕೊಡಲು ಹಿಂಜರಿಯುತ್ತಿದ್ದರು. ವೀರಣ್ಣನವರ ಪತ್ನಿ ಬಿ. ಜಯಮ್ಮ ರಂಗಭೂಮಿಯಲ್ಲೂ ‘ಗುಣಸಾಗರಿ’ಯಂಥ (1953) ಚಿತ್ರಗಳಲ್ಲೂ ಗೌರವದ ಸ್ಥಾನ ಪಡೆದದ್ದು ಈ ಹಿನ್ನೆಲೆಯಲ್ಲಿ ದೊಡ್ಡ ಮಾತು. ಮೈಸೂರಿನ ಆರ್. ನಾಗರತ್ನಮ್ಮನವರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ರಾವಣ, ಭೀಮರ ಪಾತ್ರಗಳನ್ನು ತಾವೇ ಮಾಡಿದರು. ಗಂಡಸರು ಹೆಂಗಸರಾಗಬಹುದಾದರೆ ಹೆಂಗಸರು ಗಂಡಸರೇಕೆ ಆಗಬಾರದು ಎಂಬ ಪ್ರಶ್ನೆಗೆ ಅವರು ಗದೆ ಹಿಡಿದೇ ಉತ್ತರ ಕೊಟ್ಟರು. ಈ ಸಂಗತಿ ನೆನಪಿನಲ್ಲಿರಲಿ, ಮುಂದೆ ಮತ್ತೆ ಬರುತ್ತದೆ.

1960ರ ದಶಕದ ಹೊತ್ತಿಗೆ ಕಂಪನಿಗಳ ದಿನ ಇಳಿಮುಖವಾಗಿತ್ತು. ಸಿನಿಮಾ ಕಡಿಮೆ ದುಡ್ಡಿಗೆ ಹೆಚ್ಚು ವೈಭವ ತೋರಿಸುತ್ತಿತ್ತು. ಒಂದೊಂದು ಊರಿನಲ್ಲೂ ನೂರು ಜನರ ಊಟ, ಸಂಬಳ, ಲಾರಿ ಬಾಡಿಗೆ ಭರಿಸಬೇಕಾದ ಕಂಪನಿಗೆ ಅದರ ಜೊತೆ ಪೈಪೋಟಿ ಸಾಧ್ಯವಿರಲಿಲ್ಲ. ಚೆನ್ನಾಗಿ ಹಾಡಬಲ್ಲ ನಟರು ಚಿತ್ರರಂಗಕ್ಕೆ ಹೊರಟರು. ವೀರಣ್ಣನವರು 1972ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮೊಮ್ಮಗಳ ಮುಂದೆ ಇದ್ದ ಪ್ರಶ್ನೆ ನಿಜಕ್ಕೂ ಕಠಿಣವಾದದ್ದು. ಕೈಯಲ್ಲಿ ಒಂದು ವಿದ್ಯೆ ಇದೆ, ಆದರೆ ಆ ವಿದ್ಯೆ ನಡೆಯುತ್ತಿದ್ದ ಅಂಗಡಿ ಮುಚ್ಚುತ್ತಿದೆ. ಏನು ಮಾಡುವುದು?

ಅವರು ದೆಹಲಿಗೆ ಹೋದರು. ಇಬ್ರಾಹಿಂ ಅಲ್ಕಾಜಿ ಆಗ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರು. ಶಿಸ್ತಿಗೆ ಹೆಸರಾದ ಮನುಷ್ಯ. ಅಲ್ಲಿ ನಟನೆಯ ಜೊತೆಗೆ ಬೆಳಕು, ರಂಗಸಜ್ಜಿಕೆ, ಪ್ರಸಾಧನ, ಪ್ರಪಂಚದ ನಾಟಕ ಸಾಹಿತ್ಯ ಎಲ್ಲವನ್ನೂ ಕಲಿಯಬೇಕು. ಪಾಠ ಹಿಂದಿಯಲ್ಲಿ. 1973ರಲ್ಲಿ ಜಯಶ್ರೀ ಅಲ್ಲಿನ ಪದವೀಧರೆಯಾಗಿ ಹೊರಬಂದರು.

ಕಂಪನಿಯ ಮಗು ನಾಟಕ ಶಾಲೆಗೆ ಹೋದದ್ದರಲ್ಲಿ ಏನು ವಿಶೇಷ ಎಂದು ನೀವು ಕೇಳಬಹುದು. ಆ ಕಾಲದಲ್ಲಿ ಈ ಎರಡೂ ಕಡೆಯವರು ಒಬ್ಬರನ್ನೊಬ್ಬರು ಅನುಮಾನದಿಂದಲೇ ನೋಡುತ್ತಿದ್ದರು. ಕಂಪನಿಯ ನಟನೆ ಎಂದರೆ ಅಬ್ಬರ, ಕೂಗಾಟ, ಬಣ್ಣದ ಪರದೆ ಎಂದು ಓದಿದವರ ತಾತ್ಸಾರ. ಇವರ ನಾಟಕ ಹಿಂದಿನ ಸಾಲಿಗೆ ಕೇಳಿಸುವುದೇ ಇಲ್ಲ, ಅರ್ಥವೂ ಆಗುವುದಿಲ್ಲ ಎಂದು ಕಂಪನಿಯವರ ಗೇಲಿ. ಎರಡರಲ್ಲೂ ಸ್ವಲ್ಪ ಸತ್ಯವಿತ್ತು. ಈ ಗೋಡೆಯನ್ನು ದಾಟಿದವರಲ್ಲಿ ಮೊದಲಿಗರು ಬಿ. ವಿ. ಕಾರಂತರು. ದಕ್ಷಿಣ ಕನ್ನಡದಿಂದ ಹುಡುಗನಾಗಿ ಓಡಿಬಂದು ಗುಬ್ಬಿ ಕಂಪನಿ ಸೇರಿದ ಅವರನ್ನು ಓದಲು ಕಾಶಿಗೆ ಕಳಿಸಿದವರೇ ವೀರಣ್ಣ. ಕಾರಂತರು ಅಲ್ಲಿಂದ ನಾಟಕ ಶಾಲೆಗೆ ಹೋಗಿ, ಕಂಪನಿಯ ಸಂಗೀತವನ್ನು ಹೊಸ ನಾಟಕಕ್ಕೆ ತಂದರು. ಜಯಶ್ರೀ ಅವರಿಗೆ ಕಾರಂತರು ಮಾರ್ಗದರ್ಶಕರಾದದ್ದು ಸಹಜವೇ. ಇಬ್ಬರ ಬೇರೂ ಒಂದೇ ಮಣ್ಣಿನಲ್ಲಿತ್ತು.

ಜಯಶ್ರೀ ಬೆಂಗಳೂರಿಗೆ ಹಿಂತಿರುಗಿದಾಗ ಇಲ್ಲಿ ಹವ್ಯಾಸಿ ರಂಗಭೂಮಿಗೆ ಹೊಸ ಜೀವ ಬಂದಿತ್ತು. ಚಾಮರಾಜಪೇಟೆಯಿಂದ ಪುರಭವನದ ಕಡೆಗೆ ನಡೆದು ಹೋದರೆ, ಅಥವಾ ಬಸವನಗುಡಿ ಕಡೆಯಿಂದ ಮಿನರ್ವ ವೃತ್ತ ದಾಟಿ ಜೆ. ಸಿ. ರಸ್ತೆ ಹಿಡಿದರೆ ರವೀಂದ್ರ ಕಲಾಕ್ಷೇತ್ರ ಸಿಗುತ್ತದೆ. 1963ರಲ್ಲಿ ಆರಂಭವಾದ ಈ ಮಂದಿರದ ಆವರಣದಲ್ಲಿ 1972ರಲ್ಲಿ ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಾಟಕಗಳನ್ನು ಬಯಲಿನಲ್ಲಿ ಆಡಿಸಿ ಊರಿಗೆ ಊರೇ ಮಾತಾಡುವಂತೆ ಮಾಡಿದ್ದರು. ಅದರ ಬೆನ್ನಿಗೇ ತಂಡಗಳು ಹುಟ್ಟಿಕೊಂಡವು. ಕಾರಂತರ ‘ಬೆನಕ’ 1974ರಲ್ಲಿ, ಪ್ರಸನ್ನ ಅವರ ‘ಸಮುದಾಯ’ 1975ರಲ್ಲಿ ಬಂದವು. 1976ರಲ್ಲಿ ಜಯಶ್ರೀ ‘ಸ್ಪಂದನ’ ತಂಡ ಕಟ್ಟಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ.

ಹವ್ಯಾಸಿ ತಂಡ ಎಂದರೆ ಏನೆಂದು ನಿಮ್ಮಲ್ಲಿ ಕಾಲೇಜು ನಾಟಕ ಆಡಿದವರಿಗೆ ಗೊತ್ತು. ಹಗಲು ಬ್ಯಾಂಕು, ಕಚೇರಿ, ಕಾರ್ಖಾನೆ, ಸಂಜೆ ಯಾವುದೋ ಶಾಲೆಯ ಕೋಣೆಯಲ್ಲಿ ತಾಲೀಮು. ಎರಡು ತಿಂಗಳು ಬೆವರು ಸುರಿಸಿದರೆ ಎರಡೋ ಮೂರೋ ಪ್ರದರ್ಶನ. ಟಿಕೆಟ್ಟಿನ ದುಡ್ಡು ಮಂದಿರದ ಬಾಡಿಗೆಗೂ ಬೆಳಕಿಗೂ ಸರಿಹೋದರೆ ಪುಣ್ಯ. ಇದರಲ್ಲಿ ಯಾರ ಸಂಸಾರವೂ ನಡೆಯುವುದಿಲ್ಲ. ಕಂಪನಿ ನಟನಿಗೆ ಕೊನೆಯ ಪಕ್ಷ ಸಂಬಳವಿತ್ತು, ಊಟವಿತ್ತು. ಹವ್ಯಾಸಿ ರಂಗಭೂಮಿಗೆ ಗೌರವ ಹೆಚ್ಚು, ವರಮಾನ ಶೂನ್ಯ. ಬ್ಯಾಂಕಿನ ಕೆಲಸವಿಲ್ಲದೆ ರಂಗವನ್ನೇ ನಂಬಿದವರ ಗತಿ ಏನು ಎಂಬುದನ್ನು ನಮ್ಮ ನಾಟಕ ಚರಿತ್ರೆಗಳು ಹೆಚ್ಚಾಗಿ ಹೇಳುವುದಿಲ್ಲ.

ಸ್ಪಂದನದ ನಾಟಕಗಳಲ್ಲಿ ಜನ ಹೆಚ್ಚು ನೆನೆಸಿಕೊಳ್ಳುವುದು ಜಾನಪದದ ಸೊಗಡಿನ ‘ಲಕ್ಷಾಪತಿ ರಾಜನ ಕಥೆ’ಯನ್ನು, ಚಂದ್ರಶೇಖರ ಕಂಬಾರರ ಕಾದಂಬರಿಯನ್ನು ಆಧರಿಸಿದ ‘ಕರಿಮಾಯಿ’ಯನ್ನು. ಎರಡರಲ್ಲೂ ಹಾಡು ಕಥೆಯ ಮೇಲೆ ಅಂಟಿಸಿದ ಅಲಂಕಾರವಲ್ಲ, ಕಥೆಯನ್ನು ಹೊತ್ತು ನಡೆಯುವ ಬಂಡಿ. ಗುಂಪು ಹಾಡುತ್ತದೆ, ಗುಂಪಿನಿಂದ ಒಬ್ಬರು ಹೊರಬಂದು ಪಾತ್ರವಾಗುತ್ತಾರೆ, ಮತ್ತೆ ಗುಂಪಿನೊಳಗೆ ಕರಗುತ್ತಾರೆ. ಬಣ್ಣದ ಪರದೆಯಿಲ್ಲ, ಆನೆ ಕುದುರೆಯಿಲ್ಲ. ಕಂಪನಿಯ ವೈಭವವನ್ನು ಬಿಟ್ಟು ಅದರ ಪ್ರಾಣವನ್ನಷ್ಟೇ ಇಟ್ಟುಕೊಂಡ ಬಗೆ ಇದು. ಎಲ್ಲಿ ದನಿ ಏರಿಸಬೇಕೆಂದು ತಾತನ ಕಂಪನಿ ಕಲಿಸಿತ್ತು. ಎಲ್ಲಿ ಇಳಿಸಬೇಕೆಂದು ದೆಹಲಿ ಕಲಿಸಿತು. ಜಯಶ್ರೀ ಅವರ ಹೆಚ್ಚುಗಾರಿಕೆ ಎರಡನ್ನೂ ಒಂದೇ ನಾಟಕದಲ್ಲಿ ಬಳಸಬಲ್ಲವರಾದದ್ದರಲ್ಲಿದೆ ಎಂದು ನನಗೆ ತೋರುತ್ತದೆ.

ಇನ್ನು ‘ಸದಾರಮೆ’. ಗುಬ್ಬಿ ಕಂಪನಿಗೆ ಅನ್ನ ಹಾಕಿದ ನಾಟಕ ಇದು. 1935ರಲ್ಲಿ ಚಲನಚಿತ್ರವೂ ಆಯಿತು. ಇದರಲ್ಲಿ ಬರುವ ಕಳ್ಳನ ಪಾತ್ರ ವೀರಣ್ಣನವರಿಗೆ ಅಪಾರ ಹೆಸರು ತಂದ ಹಾಸ್ಯ ಪಾತ್ರ. ನಾಟಕ ಗೊತ್ತಿದ್ದವರೂ ಆ ಕಳ್ಳ ಬರುವ ದೃಶ್ಯಕ್ಕಾಗಿಯೇ ಮತ್ತೆ ಮತ್ತೆ ಟಿಕೆಟ್ಟು ಕೊಳ್ಳುತ್ತಿದ್ದರಂತೆ. ಜಯಶ್ರೀ ಈ ನಾಟಕವನ್ನು ಮತ್ತೆ ರಂಗಕ್ಕೆ ತಂದಾಗ ಕಳ್ಳನಾಗಿ ಬಂದದ್ದು ತಾವೇ! ಸ್ತ್ರೀಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ರಂಗಭೂಮಿಯಲ್ಲಿ ತಾತನ ಪುರುಷಪಾತ್ರವನ್ನು ಮೊಮ್ಮಗಳು ಮಾಡಿದಳು. ಹಳೆಯ ಪ್ರೇಕ್ಷಕರಿಗೆ ವೀರಣ್ಣನವರ ನೆನಪು, ಹೊಸಬರಿಗೆ ಕಂಪನಿ ನಾಟಕದ ಮೊದಲ ರುಚಿ, ಎರಡೂ ಒಂದೇ ಟಿಕೆಟ್ಟಿನಲ್ಲಿ.

ಹಾಗಾದರೆ ಹೊಟ್ಟೆಪಾಡು? ಇಲ್ಲಿ ಮತ್ತೆ ಕಂಠದಾನದ ವಿಚಾರಕ್ಕೆ ಬರಬೇಕು. ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಕನ್ನಡದಲ್ಲಿ ‘ಡಬ್ಬಿಂಗ್’ ಎಂದರೆ ಪರಭಾಷಾ ಚಿತ್ರವನ್ನು ಕನ್ನಡಕ್ಕೆ ಮಾತು ಬದಲಿಸಿ ತರುವುದು ಎಂಬ ಅರ್ಥದಲ್ಲಿ ಹಲವು ದಶಕಗಳ ಕಾಲ ವಾದ ವಿವಾದ ನಡೆದಿದೆ. ಅದು ಬೇರೆ. ನಾವು ಹೇಳುತ್ತಿರುವುದು ಕನ್ನಡದ್ದೇ ಚಿತ್ರದಲ್ಲಿ ಒಬ್ಬ ನಟಿಯ ಮುಖಕ್ಕೆ ಇನ್ನೊಬ್ಬರ ಮಾತು ಕೂಡಿಸುವ ಕೆಲಸದ ಬಗ್ಗೆ.

ಆ ಕಾಲದಲ್ಲಿ ಚಿತ್ರೀಕರಣದ ಸ್ಥಳದಲ್ಲಿ ಹಿಡಿದ ಮಾತನ್ನು ಚಿತ್ರದಲ್ಲಿ ಬಳಸುತ್ತಿದ್ದದ್ದು ಕಡಿಮೆ. ಕ್ಯಾಮೆರಾದ ಸದ್ದು, ಜನರ ಗದ್ದಲ, ಗಾಳಿ ಎಲ್ಲವೂ ಅದರಲ್ಲಿ ಸೇರಿರುತ್ತಿತ್ತು. ಆದ್ದರಿಂದ ಮಾತನ್ನು ನಂತರ ಸ್ಟುಡಿಯೋದಲ್ಲಿ ಬೇರೆಯಾಗಿ ಧ್ವನಿಮುದ್ರಿಸುತ್ತಿದ್ದರು. ಹೊರಗಿನಿಂದ ಬಂದ ನಾಯಕಿ ಸೆಟ್ಟಿನಲ್ಲಿ ಯಾರೋ ಪಕ್ಕದಿಂದ ಹೇಳಿಕೊಟ್ಟ ಕನ್ನಡವನ್ನು ಹೇಗೋ ಒಪ್ಪಿಸಿರುತ್ತಾರೆ. ತುಟಿ ಆಡಿದೆ, ಮಾತು ಸರಿಯಿಲ್ಲ. ಈಗ ಕಂಠದಾನ ಮಾಡುವವರ ಕೆಲಸ ಶುರು. ಫಿಲಂ ರೀಲನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿನ ಎರಡು ತುದಿಯನ್ನೂ ಸೇರಿಸಿ ಬಳೆಯಂತೆ ಮಾಡುತ್ತಾರೆ. ಇದಕ್ಕೆ ಲೂಪ್ ಎಂದು ಹೆಸರು. ಯಂತ್ರಕ್ಕೆ ಹಾಕಿದರೆ ಅದೇ ದೃಶ್ಯ ಮತ್ತೆ ಮತ್ತೆ ತೆರೆಯ ಮೇಲೆ ಸುತ್ತುತ್ತಿರುತ್ತದೆ. ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ತೆರೆಯ ಮೇಲಿನ ತುಟಿಯನ್ನೇ ನೋಡುತ್ತಾ, ಸರಿಯಾದ ಕ್ಷಣಕ್ಕೆ ಮಾತು ಶುರುಮಾಡಿ ಸರಿಯಾದ ಕ್ಷಣಕ್ಕೆ ಮುಗಿಸಬೇಕು.

ಇದರಲ್ಲಿ ಬಹಳ ತೊಂದರೆ ಕೊಡುವವು ಪ, ಬ, ಮ ಅಕ್ಷರಗಳು. ಇವನ್ನು ಉಚ್ಚರಿಸುವಾಗ ಎರಡು ತುಟಿಯೂ ಮುಚ್ಚಲೇಬೇಕು. ನೀವೇ ಹೇಳಿ ನೋಡಿ. ತೆರೆಯ ಮೇಲಿನ ತುಟಿ ತೆರೆದಿರುವಾಗ ನಿಮ್ಮ ಮಾತಿನಲ್ಲಿ ‘ಮ’ ಬಂದರೆ ನೋಡುವವನಿಗೆ ಕೂಡಲೆ ಏನೋ ಹೊಂದುತ್ತಿಲ್ಲ ಎನಿಸುತ್ತದೆ. ಆದ್ದರಿಂದ ಉಚ್ಚಾರ ತಿದ್ದಬೇಕು, ಆದರೆ ತುಟಿಯ ಲೆಕ್ಕ ತಪ್ಪಬಾರದು. ಅಷ್ಟೇ ಅಲ್ಲ. ಆ ನಟಿ ಅಲ್ಲಿ ಓಡಿ ಬಂದು ಏದುಸಿರಿನಲ್ಲಿ ಮಾತಾಡಿರುತ್ತಾರೆ. ನೀವು ಇಲ್ಲಿ ಅಲುಗಾಡದೆ ನಿಂತು ಆ ಏದುಸಿರು ತರಬೇಕು. ಆಕೆಯ ಕಣ್ಣಿನಲ್ಲಿ ನೀರು, ನಿಮ್ಮ ದನಿಯಲ್ಲಿ ಬಿಕ್ಕು. ಅದೇ ಅಳುವನ್ನು ಹತ್ತು ಸಲ ಅಳಬೇಕು, ಹತ್ತನೆಯದೂ ಮೊದಲನೆಯದರಷ್ಟೇ ತಾಜಾ ಇರಬೇಕು. ಒನ್ಸ್ ಮೋರ್‌ಗೆ ಪಳಗಿದ ಕಂಪನಿಯ ಮನೆತನಕ್ಕೆ ಇದು ತೀರ ಹೊಸದಲ್ಲ ನೋಡಿ!

ಆದರೂ ಇದರಲ್ಲಿ ಒಂದು ನೋವಿದೆ. ನಟನೆಯ ಅರ್ಧ ಭಾಗ ದನಿ ಎನ್ನುವುದಾದರೆ ಮೆಚ್ಚುಗೆಯ ಅರ್ಧ ಭಾಗವೂ ದನಿಗೆ ಸಲ್ಲಬೇಕಲ್ಲವೇ? ಚಿತ್ರದ ಹೆಸರು ಪಟ್ಟಿಯಲ್ಲಿ ಕಂಠದಾನ ಮಾಡಿದವರ ಹೆಸರು ಇದ್ದರೆ ಸಣ್ಣ ಅಕ್ಷರದಲ್ಲಿ, ಎಷ್ಟೋ ಸಲ ಇಲ್ಲವೇ ಇಲ್ಲ. ಪ್ರೇಕ್ಷಕ ನಾಯಕಿಯ ಕನ್ನಡವನ್ನು ಹೊಗಳುತ್ತಾ ಮನೆಗೆ ಹೋಗುತ್ತಾನೆ. ಈ ಅನಾಮಿಕ ದುಡಿಮೆ ರಂಗದ ಮೇಲಿನ ಜಯಶ್ರೀ ಅವರನ್ನು ಉಳಿಸಿತು ಎಂಬುದು ನನ್ನ ಅಭಿಪ್ರಾಯ. ಕತ್ತಲ ಕೋಣೆಯ ಕೆಲಸ ಇದ್ದದ್ದರಿಂದ ಬೆಳಕಿನ ಕೆಲಸ ನಿಲ್ಲಲಿಲ್ಲ.

ತೆರೆಯ ಮೇಲೆ ಅವರ ಮುಖವನ್ನೂ ದನಿಯನ್ನೂ ಒಟ್ಟಿಗೆ ನೋಡಬೇಕಾದರೆ 1997ರ ‘ನಾಗಮಂಡಲ’ ಚಿತ್ರ ನೋಡಿ. ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿ ಟಿ. ಎಸ್. ನಾಗಾಭರಣ ನಿರ್ದೇಶಿಸಿದ ಚಿತ್ರ, ಸಂಗೀತ ಸಿ. ಅಶ್ವಥ್ ಅವರದು. ಜಯಶ್ರೀ ಮಾಡಿದ್ದು ಕುರುಡವ್ವನ ಪಾತ್ರ. ನಾಟಕದಲ್ಲಿ ಈಕೆ ಮಗನ ಬೆನ್ನೇರಿ ಊರು ಸುತ್ತುವ ಮುದುಕಿ. ಗಂಡ ಮನೆಯಲ್ಲಿ ಕೂಡಿಹಾಕಿದ ರಾಣಿಗೆ ವಶೀಕರಣದ ಬೇರು ಕೊಡುವವಳು ಇವಳೇ. ಕಣ್ಣು ಕಾಣದ ಪಾತ್ರ ಎಂದರೆ ನಟಿಯ ಕೈಯಿಂದ ಒಂದು ದೊಡ್ಡ ಆಯುಧ ಕಿತ್ತುಕೊಂಡಂತೆ. ಸಿನಿಮಾ ನಟನೆಯ ಬಹುಪಾಲು ನಡೆಯುವುದು ಕಣ್ಣಿನಲ್ಲಿ ತಾನೆ? ಇಲ್ಲಿ ಮಾತು, ಕಿವಿ, ಕೈಬೆರಳು ಇವಿಷ್ಟರಿಂದಲೇ ಪಾತ್ರ ಕಟ್ಟಬೇಕು. ಅಲ್ಲಿ ಕಂಪನಿಯ ಏರುದನಿ ಇಲ್ಲ. ಮೈಕು ಹತ್ತಿರದಲ್ಲಿದೆ, ಕ್ಯಾಮೆರಾ ಇನ್ನೂ ಹತ್ತಿರದಲ್ಲಿದೆ ಎಂಬುದನ್ನು ಬಲ್ಲ ದನಿ ಅದು. ಕಾಲೇಜಿನಲ್ಲಿ ನಾಟಕ ಆಡುವವರು ಈ ಪಾತ್ರವನ್ನು ಗಮನವಿಟ್ಟು ನೋಡಬೇಕು.

ಇದಾಗಿ ನಾಲ್ಕೇ ವರ್ಷಕ್ಕೆ, 2001ರ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದ ‘ಕಾರ್ ಕಾರ್’ ಹಾಡಿನ ಮೂಲಕ ಅವರ ದನಿ ಆಟೋಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಮೊಳಗಿತು. ಐವತ್ತು ದಾಟಿದ ರಂಗನಟಿಯೊಬ್ಬರು ಕಾಲೇಜು ಹುಡುಗರ ಬಾಯಲ್ಲಿ ಓಡಾಡುವ ಹಾಡು ಹಾಡಿದ್ದನ್ನು ಕೆಲವರು ಹುಬ್ಬೇರಿಸಿ ನೋಡಿದರೆ ಆಶ್ಚರ್ಯವಿಲ್ಲ. ನನಗಂತೂ ಅದರಲ್ಲಿ ಕಂಪನಿಯ ಹಾಸ್ಯಗೀತೆಯ ಠೇಂಕಾರವೇ ಕೇಳಿಸುತ್ತದೆ. ಅಕ್ಷರ ಒಂದೂ ನುಂಗದೆ, ನಗುವನ್ನು ದನಿಯಲ್ಲೇ ಇಟ್ಟುಕೊಂಡು ಹಾಡುವ ಬಗೆ ಅದು.

ಗೌರವಗಳು ಒಂದೊಂದಾಗಿ ಬಂದವು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2013ರಲ್ಲಿ ಪದ್ಮಶ್ರೀ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ನಿರ್ದೇಶಕಿಯಾಗಿಯೂ ಜಯಶ್ರೀ ಕೆಲಸ ಮಾಡಿದರು. 2010ರಲ್ಲಿ ರಾಷ್ಟ್ರಪತಿಗಳು ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ನಮ್ಮ ಸಂವಿಧಾನದ 80ನೆಯ ವಿಧಿಯ ಪ್ರಕಾರ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿ ವಿಶೇಷ ಅನುಭವವುಳ್ಳ 12 ಜನರನ್ನು ಹೀಗೆ ನೇಮಿಸಲು ಅವಕಾಶವಿದೆ. ನಾಗರಿಕಶಾಸ್ತ್ರದ ಪಾಠದಲ್ಲಿ ಓದುವಾಗ ಈ ಹೆಸರನ್ನು ಉದಾಹರಣೆಯಾಗಿ ಬರೆಯಬಹುದು. ಕಂಪನಿ ನಾಟಕದ ಹೆಣ್ಣುಮಗಳಿಗೆ ಬಾಡಿಗೆ ಮನೆ ಸಿಗದಿದ್ದ ಕಾಲ ಒಂದಿತ್ತು. ಅದೇ ಮನೆತನದ ಹೆಣ್ಣುಮಗಳು 2016ರವರೆಗೆ ದೇಶದ ಸಂಸತ್ತಿನಲ್ಲಿ ಕುಳಿತಿದ್ದರು. ಇದಕ್ಕೆ ಹಿಡಿದದ್ದು ಎರಡು ತಲೆಮಾರು.

ಅವರ ಆತ್ಮಕಥನದ ಹೆಸರು ‘ಕಣ್ಣಾಮುಚ್ಚೇ ಕಾಡೇಗೂಡೇ’. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲೋ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲೋ ಸಿಕ್ಕರೆ ಓದಿ. ನಾಟಕಕ್ಕೆ ಹೋಗಬೇಕೆನಿಸಿದರೆ ಕಲಾಕ್ಷೇತ್ರವಿದೆ, ಅದರ ಹಿಂದೆ ಸಂಸ ಬಯಲು ರಂಗಮಂದಿರವಿದೆ, ಬಸವನಗುಡಿಯ ಪಕ್ಕದ ಹನುಮಂತನಗರದಲ್ಲಿ ಕೆ. ಎಚ್. ಕಲಾಸೌಧವಿದೆ. ಹೋದಾಗ ಒಮ್ಮೆಯಾದರೂ ಕೊನೆಯ ಸಾಲಿನಲ್ಲಿ ಕುಳಿತು ನೋಡಿ. ಯಾವ ನಟನ ಯಾವ ಅಕ್ಷರ ನಿಮ್ಮವರೆಗೆ ಬಂತು, ಯಾವುದು ದಾರಿಯಲ್ಲೇ ಬಿದ್ದುಹೋಯಿತು ಎಂದು ಲೆಕ್ಕ ಹಾಕಿ.

ಇನ್ನೊಂದು ಕೆಲಸ ನಿಮ್ಮ ಮನೆಯಲ್ಲೇ ಇದೆ. ಹಾರ್ಮೋನಿಯಂ ಮೇಷ್ಟ್ರ ಪಕ್ಕ ಕುಳಿತು ರಂಗಗೀತೆ ಕಲಿತವರು ಈಗ ಹೆಚ್ಚು ಜನ ಉಳಿದಿಲ್ಲ. ಎಷ್ಟೋ ಹಾಡುಗಳು ಪುಸ್ತಕದಲ್ಲಿ ಸಾಲುಗಳಾಗಿ ಮಾತ್ರ ಇವೆ, ಧಾಟಿ ಬಲ್ಲವರಿಲ್ಲ. ಅಜ್ಜಿ ತಾತಂದಿರನ್ನು ಕೇಳಿ. ಯಾವ ಊರಿನಲ್ಲಿ ಯಾವ ಕಂಪನಿಯ ಯಾವ ನಾಟಕ ನೋಡಿದರು, ನಾಯಕಿ ಯಾರು, ಯಾವ ಹಾಡಿಗೆ ಒನ್ಸ್ ಮೋರ್ ಬಿತ್ತು ಎಂದು ಬರೆದುಕೊಳ್ಳಿ. ಎರಡು ಸಾಲು ನೆನಪಿದ್ದರೂ ಸರಿ, ಅವರ ಬಾಯಿಂದಲೇ ಹಾಡಿಸಿ ಧ್ವನಿಮುದ್ರಿಸಿಕೊಳ್ಳಿ. ಊರು, ವರ್ಷ, ನಾಟಕದ ಹೆಸರು ಇಷ್ಟನ್ನು ಜೊತೆಗೆ ಗುರುತು ಹಾಕಿ ಇಡಿ.